ದುಂಡಕ್ಷರದ ಕೈ

ಮೊದಲ ಡಬ್ಬಿಯಲ್ಲೇ ಮೋಸ ಹೋದೆ.
ಹೋಬಾರ್ಟಿನ ಸೂಪರ್ ಮಾರ್ಕೆಟ್ಟಿನಲ್ಲಿ, ಪ್ರೋಟೀನ್ ಪುಡಿಗಳ ಪಕ್ಕ,
ಅರ್ಧ ಬೆಲೆಯ ಕೆಂಪು ಚೀಟಿ ಅಂಟಿಸಿಕೊಂಡು ಕೂತಿತ್ತು.
ಮನೆಗೆ ತಂದು ಮುಚ್ಚಳ ತೆಗೆದರೆ
ಹಳೇ ಸೀಗೆಪುಡಿ.
ಕುದಿನೀರು ಸುರಿದು ಚಮಚದಲ್ಲಿ ತಿರುವಿದೆ,
ಗಂಟುಗಳು ಆಮೆಗಳ ಹಾಗೆ ತಲೆ ಎತ್ತಿ ತೇಲಿದವು.
ರಾತ್ರಿ ಪಾಳಿ ಮುಗಿಸಿ ಬಂದ ಗವಿರಂಗ ಒಂದು ಗುಟುಕು ಕುಡಿದು
'ತಲೆಗೆ ಹಚ್ಚಿಕೋ, ಕೂದಲಾದರೂ ಬಂದೀತು' ಅಂದ.

ಚಟಕ್ಕೆ ಕೊಂಡದ್ದಲ್ಲ.
ಜುಲೈ ತಿಂಗಳು, ಮಂಜುಗಟ್ಟಿದ ಮೆಟ್ಟಿಲು,
ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು.
ಪ್ಲಾಸ್ಟರ್ ಬಿಚ್ಚಿದ ದಿನ ಫಿಸಿಯೋ ಹುಡುಗಿ ಅಂದಳು:
ದಿನಾ ಏನನ್ನಾದರೂ ಕಲಕಿ, ಹಗುರವಾದದ್ದನ್ನು.
ನನಗೆ ಗೊತ್ತಿದ್ದ ಕಲಕುವಿಕೆ ಮುದ್ದೆಯದು,
ಅದಕ್ಕೆ ಎರಡು ಕಾಲೂ ಬೇಕು.

ಎಲಿಜಬೆತ್ ಬೀದಿಯ ಏರಿನಲ್ಲಿ ಫುಮಿಯೆ ಒಕಾಬೆಯವರ ಅಂಗಡಿ:
ಬಟ್ಟಲು, ಒಣ ಅಣಬೆ, ಛತ್ರಿ ರಿಪೇರಿ.
ಬಿಳಿ ಕಾಗದದ ಮೇಲೆ ಎರಡು ಚಿಟಿಕೆ ಎಳೆಸಿದರು, ನನ್ನ ಬೆರಳಿನಿಂದಲೇ.
ಒಂದು ಹಳದಿಗೆ ತಿರುಗಿದ್ದು.
ಇನ್ನೊಂದು, ಹೇಗೆ ಹೇಳಲಿ,
ಭತ್ತದ ಸಸಿಮಡಿಗೆ ಬೆಳಗಿನ ಬಿಸಿಲು ಬಿದ್ದಂಥದು.
'ಅದು ಕೇಕಿಗೆ. ಇದು ಕುಡಿಯೋಕೆ.
ಚಿಕ್ಕ ಡಬ್ಬಿ ತಗೋ. ತೆರೆದ ಮೇಲೆ
ನಿನ್ನ ಜೊತೆ ಗಾಳಿಯೂ ಕುಡೀತದೆ.'
ಮೂವತ್ತು ಗ್ರಾಮಿಗೆ ಮೂವತ್ತೆಂಟು ಡಾಲರು.
ನಮ್ಮತ್ತೆ ಇದ್ದಿದ್ದರೆ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಿದ್ದರು.

ಜರಡಿ ಹಿಡಿ, ಅಂದರು.
ಚಹಾ ಸೋಸುವ ಜಾಲರಿಯೇ ಸಾಕು.
ಮಟ್ಟಸ ಒಂದು ಚಮಚ, ಗೋಪುರ ಕಟ್ಟಬೇಡ.
ನೀರು ಕುದಿಸು, ಆಮೇಲೆ ಅದನ್ನು ಮರೆತು
ಬೆಟ್ಟದ ತಲೆಯಿಂದ ಮೋಡ ಇಳಿದಿದೆಯೋ ನೋಡಿ ಬಾ.
ಕುದಿನೀರು ಎಲೆಯನ್ನು ಬೈಯುತ್ತದೆ;
ಬೈಸಿಕೊಂಡದ್ದು ಕಹಿಯನ್ನೇ ಕಕ್ಕುತ್ತದೆ.

ಒಂದೇ ಬಿದಿರ ತುಂಡನ್ನು ಎಳೆ ಎಳೆಯಾಗಿ ಸೀಳಿದ ಕುಂಚ.
ಮೊದಲು ಬೆಚ್ಚನೆ ನೀರಲ್ಲಿ ನೆನೆಸಬೇಕು,
ಒಣ ಎಳೆ ಮುರಿಯುತ್ತದೆ.
(ಇದನ್ನು ನನಗೆ ಯಾರೂ ಎರಡು ಸಲ ಹೇಳಬೇಕಿರಲಿಲ್ಲ.)

ಮಜ್ಜಿಗೆ ಕಡೆದ ಕೈ ಸುತ್ತಿಯೇ ಸುತ್ತುತ್ತದೆ.
'ಸುತ್ತಬೇಡ! ಹಿಂದೆ ಮುಂದೆ, ಹಿಂದೆ ಮುಂದೆ,
ತಳ ಕೆರೆಯದೆ ಡಬ್ಲ್ಯೂ ಬರಿ,
ತೋಳು ನಿದ್ದೆ ಮಾಡಲಿ, ಮಣಿಕಟ್ಟೊಂದೇ ಎದ್ದಿರಲಿ.'
ನನ್ನದು ದುಂಡಕ್ಷರದ ಕೈ, ಒಕಾಬೆ ಅಮ್ಮ,
ಹುಟ್ಟಿದಾಗಿನಿಂದ ಮೂಲೆಗಳು ಬಂದಿಲ್ಲ.
ಹದಿನೈದು ಎಣಿಸುವಷ್ಟರಲ್ಲಿ ನೋವು ಮೊಣಕೈಗೆ ಏರಿತು.
ಬಟ್ಟಲಲ್ಲಿ ಬಟ್ಟೆ ಒಗೆದ ನೀರು.

ಅಕ್ಟೋಬರಿಗೆ ನಲವತ್ತು ಎಣಿಸಿದೆ.

ಮೊದಲು ಚೂರು ಕೊಬ್ಬರಿ ಮಿಠಾಯಿ ಬಾಯಿಗೆ.
ಎರಡೂ ಕೈಯಲ್ಲಿ ಬಟ್ಟಲು.
ಹುಲ್ಲು, ಆಮೇಲೆ ಹಸಿ ಬಟಾಣಿಯ ಸಿಪ್ಪೆ,
ಆಮೇಲೆ ಏನೋ ಕಡಲಿನದು;
ನುಂಗಿ ಎಷ್ಟೋ ಹೊತ್ತಿನ ಮೇಲೆ
ನೆಲ್ಲಿಕಾಯಿ ತಿಂದು ನೀರು ಕುಡಿದಾಗಿನ ಆ ಕಳ್ಳ ಸಿಹಿ.
ಗವಿರಂಗ ಹಾಲು ಹಾಕಿಕೊಳ್ಳುತ್ತಾನೆ, ಎರಡು ಚಮಚ ಸಕ್ಕರೆ.
ಹಾಕಿಕೊಳ್ಳಲಿ.

ಕುಂಚ ಸವೆದು ಹೊಸದು ಕೊಳ್ಳಲು ಹೋದ ದಿನ
ಚಿಲ್ಲರೆ ಎಣಿಸುವಾಗ ನೋಡಿದೆ.
ಅವರ ಬೆರಳುಗಳು ಶುಂಠಿಯ ಹಾಗೆ ಗಂಟುಕಟ್ಟಿ
ನಾಣ್ಯವೊಂದು ಹಿಡಿತಕ್ಕೆ ಸಿಗದೆ ಉರುಳಿತು.
ನನ್ನ ಬೆರಳು ಹಿಡಿದು ಪುಡಿ ಎಳೆಸಿದ್ದು,
ಬಾಯಲ್ಲೇ ಎಲ್ಲ ಕಲಿಸಿದ್ದು,
ಒಂದು ಸಲವೂ ಕಲಕಿ ತೋರಿಸದೆ ಇದ್ದದ್ದು.

ಅಂಗಡಿಯ ಹಿಂದಿನ ಒಲೆಯಲ್ಲಿ ನೀರಿಟ್ಟೆ.
ಮರೆತೆ. ಜರಡಿ ಹಿಡಿದೆ. ಬರೆದೆ.
ಅವರು ಬಟ್ಟಲನ್ನು ಅಂಗೈಗಳ ನಡುವೆ ಒತ್ತಿ ಎತ್ತಿದರು,
ತಳದ ಹಸಿರಿಗೆ ಬಿಸಿನೀರು ಬಿಡಿಸಿಕೊಂಡು ಅದನ್ನೂ ಕುಡಿದರು.
'ಗುಳ್ಳೆ ಇನ್ನೂ ದಪ್ಪ,' ಅಂದರು,
ಮೇಲ್ದುಟಿಯ ಹಸಿರು ಮೀಸೆ ಒರೆಸಿಕೊಳ್ಳದೆ.