ಕೋಷ್ಟಕ ಮೂರು

ಹತ್ತಿಯೆಲೆಯ ಮೇಲೆ ಹಾರುಬೂದಿ
ಎಷ್ಟು ಕೂರುತ್ತದೆಂದು ಅಳೆದ ಲೇಖನ.
ಶಕ್ತಿನಗರದಿಂದ ಎರಡು ಕಿಲೋಮೀಟರು, ಐದು, ಹನ್ನೊಂದು.
ಇಬ್ಬರು ಪರಿಶೀಲಕರು ಒಪ್ಪಿದ್ದರು. ಸಂಪಾದಕಿ, ನಾನೂ.
ಬರೆದವರು ನನ್ನ ಗುರುಗಳು.
ಹಿತಾಸಕ್ತಿಯ ಕಾಲಮ್ಮಿನಲ್ಲಿ
'ಅನ್ವಯಿಸುವುದಿಲ್ಲ' ಎಂದು ಟೈಪಿಸಿದ ಬೆರಳು
ಇದೇ, ಉಂಗುರವಿರುವುದು.

ನಾಲ್ಕು ವರ್ಷದ ಮೇಲೆ, ರಾಯಚೂರಿನ ಮೇ ಮಧ್ಯಾಹ್ನ,
ತಕ್ಕಡಿ ಕೋಣೆಯ ಶೇಕ್ಷಾವಲಿ
ಹಾಲಿನ ಲೆಕ್ಕದಂಥ ಸಣ್ಣ ಬುಕ್ಕು ತಂದು ಮೇಜಿನ ಮೇಲಿಟ್ಟ:
"ಹದಿನಾಲ್ಕರಿಂದ ಇಪ್ಪತ್ತರ ತನಕ ತಕ್ಕಡಿ
ರಿಪೇರಿಗೆ ಹೈದರಾಬಾದಿಗೆ ಹೋಗಿತ್ರಿ ಮೇಡಂ.
ಆ ದಿನದ ಅಂಕಿ ಇದರಾಗ ಹ್ಯಾಂಗ ಬಂದ್ವು?"

ಎಲೆ ಕೊಯ್ದು, ತೊಳೆದು, ಸೋಸಿ, ಒಣಗಿಸಿದವನು.
ಅವನ ಹೆಸರು ಎಲ್ಲೂ ಇರಲಿಲ್ಲ,
ಕೃತಜ್ಞತೆಯಲ್ಲೂ. ಅಲ್ಲಿ ಕುಲಪತಿಗಳಿದ್ದರು.

ಕೋಷ್ಟಕ ಮೂರು ತೆರೆದೆ.
ಏಳು ದಿನ, ಏಳು ಸಾಲು, ಎಂಥ ನಯ,
ಸಾಣಿಸಿದ ಜೋಳದ ಹಿಟ್ಟಿನ ಹಾಗೆ.
ನಿಜದ ಅಂಕಿಯಲ್ಲಿ ಹಲ್ಲಿಗೆ ಕಲ್ಲು ಸಿಗುತ್ತದೆ.

ಗುರುಗಳಿಗೆ ಫೋನ್ ಮಾಡಿದೆ. ಬಹಳ ಹೊತ್ತು
ಅವರ ಮನೆಯ ಫ್ಯಾನಿನ ಸದ್ದು. ಆಮೇಲೆ,
"ನಿನ್ನ ಪ್ರಬಂಧ ತಿದ್ದಿದ್ದು ಯಾರು, ನೆನಪಿದೆಯಾ?"
ನೆನಪಿದೆ ಸರ್. ಕೆಂಪು ಶಾಯಿ. ಪುಟದಂಚಿಗೆ
"ಅಳೆದೆಯಾ, ಊಹಿಸಿದೆಯಾ?"

ನಿನ್ನೆ ಹಿಂಪಡೆಯುವ ಪ್ರಕಟಣೆ ಬರೆದೆ, ಐದು ಸಾಲು.
ಕರಡಿನಲ್ಲಿ 'ಅಚಾತುರ್ಯ' ಅಂತಿತ್ತು, ಹೊಡೆದುಹಾಕಿದೆ.
ಕೊನೆಯ ಸಾಲು ನನ್ನ ಬಗ್ಗೆ.

ಕಿಟಕಿಯ ಸರಳು ಒರೆಸಿದರೆ ಇವತ್ತೂ ಬೆರಳಿಗೆ ಬೂದಿ.
ಎಷ್ಟೆಂದು ಈಗ ಯಾರಿಗೂ ಗೊತ್ತಿಲ್ಲ.
ಪಕ್ಕದ ಕೋಣೆಯಲ್ಲಿ ಶೇಕ್ಷಾವಲಿ
ತಕ್ಕಡಿಯ ಗಾಜು ಮುಚ್ಚಿ, ಉಸಿರು ಹಿಡಿದು,
ಸೊನ್ನೆಗೆ ಕಾಯುತ್ತಿದ್ದಾನೆ.