ವಾರ್ಷಿಕ ವರಮಾನ

ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ.
ಒಂದು ಯಂತ್ರ, ಒಂದು ಕಂಪ್ಯೂಟರು, ಒಂದು ಕಾಲು ಮುರಿದ ಸ್ಟೂಲು.
ಏಪ್ರಿಲ್ ಬಂತೆಂದರೆ ದಾವಣಗೆರೆಯ ನಾಕು ವರ್ಷದ ಮಕ್ಕಳೆಲ್ಲ
ಈ ಸ್ಟೂಲು ಹತ್ತಿ ಇಳಿಯುತ್ತವೆ,
ಫೋಟೋ ಹೊಡೆಯುವಷ್ಟು ಹೊತ್ತು ಸುಮ್ಮನಿದ್ದು
ಉಳಿದ ಹೊತ್ತು ಅಳುತ್ತ.

ಖೈರುನ್ನೀಸಾ ಬಂದದ್ದು ಮಧ್ಯಾಹ್ನ, ಕರೆಂಟು ಹೋಗಿ ಬಂದ ಮೇಲೆ.
ಮಂಡಕ್ಕಿ ಭಟ್ಟಿಯ ಹೊಗೆ ಅವಳಿಗಿಂತ ಒಂದು ಹೆಜ್ಜೆ ಮುಂದೆ ಬಂತು.
ಕಂಕುಳಲ್ಲಿ ಸುಮಯ್ಯಾ, ಬಟ್ಟೆ ಅಂಗಡಿಯ ಕವರಿನಲ್ಲಿ
ಇಡೀ ಸಂಸಾರ: ಆಧಾರು, ರೇಷನ್ ಕಾರ್ಡು, ಜನನ ಪತ್ರ,
ಶಾಲೆಯವರು ಕೊಟ್ಟ ಗುಲಾಬಿ ಚೀಟಿ.
ಎಲ್‌ಕೆಜಿ, ಹದಿನೆಂಟು ಸಾವಿರ.
ಪುಸ್ತಕ ಬೇರೆ. ಬೂಟು ಬೇರೆ. ವ್ಯಾನು ಬೇರೆ.
'ಸರ್ಕಾರ ಸ್ವಲ್ಪ ಕೊಡ್ತೈತಂತಲ್ಲ ಅಕ್ಕಾ, ಭಟ್ಟಿಯಾಗ ಹೇಳಿದ್ರು.'
ಕೊಡುತ್ತದೆ, ಅಂದೆ. ಅದು ಕೇಳಿದ ಹಾಗೆ ನಾವು ಕೇಳಿದರೆ.

ಹೆಸರು. ವಿಳಾಸ. ಮಾತೃಭಾಷೆ.
ಪೋಷಕರ ವೃತ್ತಿ: ಪಟ್ಟಿಯಲ್ಲಿ ಬೇಸಾಯವಿದೆ, ವ್ಯಾಪಾರವಿದೆ,
ಕಾದ ಮರಳಿನಲ್ಲಿ ಅಕ್ಕಿ ಅರಳಿಸುವುದು ಇಲ್ಲ.
'ಇತರೆ' ಒತ್ತಿದೆ.
ತಂದೆಯ ವರಮಾನ?
'ಅದನ್ನ ಅವನ್ನೇ ಕೇಳ್ರಿ, ಸಿಕ್ಕರೆ.'

ತಾಯಿಯ ವಾರ್ಷಿಕ ವರಮಾನ.
ನನ್ನ ಅಂಗಡಿಯಲ್ಲಿ ಎಲ್ಲರೂ ಹನ್ನೊಂದು ಸಾವಿರ ಬರೆಸುತ್ತಾರೆ.
ಮೊದಲು ಬರೆಸಿದವರು ಯಾರೋ, ಹನ್ನೊಂದೇ ಯಾಕೋ.
ಬೆರಳು ತಾನಾಗಿ ಒಂದು, ಒಂದು, ಸೊನ್ನೆಗಳತ್ತ ಹೋಗುತ್ತದೆ.

'ವರ್ಷಕ್ಕಾ?' ಅಂದಳು. 'ಹನ್ನೊಂದು ಸಾವಿರ?'
ನಕ್ಕಳು ಅಂದುಕೊಂಡೆ. ನಕ್ಕಿರಲಿಲ್ಲ.
'ಚೀಲಕ್ಕಿಷ್ಟು ಅಂತ ದುಡೀತೀನಿ ನಾನು.
ನಸುಕಿನ ನಾಕಕ್ಕೆ ಒಲೆ ಹಚ್ತೀವಿ.
ಮಳೆಗಾಲ ಎರಡು ತಿಂಗಳು ಬಿಡ್ರಿ, ಹಬ್ಬಕ್ಕೆ ಒಂದು ವಾರ ಬಿಡ್ರಿ,
ಉಳಿದದ್ದು ಕೂಡ್ರಿ.'

ಕೂಡಿದೆವು, ಕೆಟ್ಟ ಜೆರಾಕ್ಸಿನ ಬೆನ್ನ ಮೇಲೆ.
ಚೀಲ ಗುಣಿಸು ದಿನ, ದಿನ ಗುಣಿಸು ತಿಂಗಳು,
ಸುಮಯ್ಯಾಗೆ ಜ್ವರ ಬಂದ ಒಂಬತ್ತು ದಿನ ಕಳೆದು
ಎಪ್ಪತ್ತೆರಡು ಸಾವಿರದ ನಾನೂರು.
ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು,
ಯಾರೋ ತನ್ನ ಫೋಟೋವನ್ನು
ಮೊದಲ ಸಲ ಸರಿಯಾಗಿ ತೆಗೆದ ಹಾಗೆ.
ಮಿತಿಯೊಳಗೇ ಇತ್ತು. ಮೀರಿದ್ದರೂ
ಅದನ್ನೇ ಬರೆಸುತ್ತಿದ್ದಳೇನೋ.

ಆಮೇಲೆ ಹೆಬ್ಬೆರಳು.
ಯಂತ್ರ ಕೆಂಪಗೆ ಕಣ್ಣು ಬಿಟ್ಟಿತು: ಹೊಂದಾಣಿಕೆಯಾಗುತ್ತಿಲ್ಲ.
ಒರೆಸಿದೆ. ವ್ಯಾಸಲೀನು ಹಚ್ಚಿದೆ. ನನ್ನ ಸೆರಗಿಗೆ ತಿಕ್ಕಿದೆ.
ಹೊಂದಾಣಿಕೆಯಾಗುತ್ತಿಲ್ಲ.
ಹತ್ತು ವರ್ಷದ ಮರಳು ಗೆರೆಗಳನ್ನೆಲ್ಲ
ಸ್ಲೇಟಿನಂತೆ ಒರೆಸಿಬಿಟ್ಟಿತ್ತು.
ಎಡಗೈಯ ಉಂಗುರದ ಬೆರಳು ಮಾತ್ರ
(ಜರಡಿ ಹಿಡಿಯುವಾಗ ಮಡಚಿಕೊಂಡಿರುತ್ತದಂತೆ ಅದು)
ಹೌದು, ಇವಳೇ ಇವಳು ಎಂದು ಸಾಕ್ಷಿ ಹೇಳಿತು.

'ನಂದೂ' ಎಂದಳು ಸುಮಯ್ಯಾ.
ಅವಳ ಬೆರಳನ್ನು ಯಾರೂ ಕೇಳಿರಲಿಲ್ಲ.
ಸ್ಟಾಂಪ್ ಪ್ಯಾಡು ಕೊಟ್ಟೆ. ಲೆಕ್ಕದ ಹಾಳೆಯ ಮೇಲೆ
ಎಪ್ಪತ್ತೆರಡು ಸಾವಿರದ ಸುತ್ತ
ಹತ್ತೂ ಬೆರಳು ಒತ್ತಿದಳು,
ಸಾಲದ್ದಕ್ಕೆ ಮೂಗು.

ಜೂನಿನಲ್ಲಿ ವ್ಯಾನು ಬಂತು: ಅರ್ಜಿ ಪರಿಶೀಲನೆಯಲ್ಲಿದೆ.
ಗಣಪತಿಯ ಚಂದಾದವರು ಬಂದು ಹೋದರು: ಪರಿಶೀಲನೆಯಲ್ಲಿದೆ.
ಮೊದಲ ಕಂತಿಗೆ ಚೀಟಿ ಎತ್ತಿದಳು.
ಎರಡನೆಯದನ್ನು ಹೇಗೆ ಕಟ್ಟಿದಳೋ, ನಾನು ಕೇಳಲಿಲ್ಲ.
ಮಾರ್ಚಿನಲ್ಲಿ: ಮಂಜೂರಾಗಿದೆ, ಐದು ಸಾವಿರ, ಜಮೆಯಾಗಲಿದೆ.
'ಆಗಲಿದೆ ಅಂದ್ರೆ ಯಾವಾಗ?'
ಅದಕ್ಕೊಂದು ಗುಂಡಿ ಕೀಬೋರ್ಡಿನಲ್ಲಿಲ್ಲ.

ನಿನ್ನೆ ಮತ್ತೆ ಬಂದಿದ್ದರು. ಈ ಸಲ ಯುಕೆಜಿ.
ಸುಮಯ್ಯಾ ನೆಲಕ್ಕೆ ಬಗ್ಗಿ ನನ್ನ ಸ್ಟೂಲಿನ ಕಾಲು
ಒನ್, ಟೂ, ತ್ರೀ ಎಂದು ಎಣಿಸಿ
ನಾಲ್ಕನೆಯದಕ್ಕೆ ಅಂಗಡಿಯೆಲ್ಲ ಹುಡುಕಿದಳು.
ವಾರ್ಷಿಕ ವರಮಾನದ ಖಾನೆಗೆ ಬಂದು ನಾನು ಕೈ ತಡೆದೆ.
'ಚೀಲಕ್ಕೆ ಎರಡು ರೂಪಾಯಿ ಏರಿಸ್ಯಾರ' ಅಂದಳು ಖೈರುನ್ನೀಸಾ.
'ಅದನ್ನೂ ಹಿಡೀರಿ.'