ಭಾಯಿಯ ಬಾಯಿ

ಅಕ್ಕಿಗೆಷ್ಟು ಉಪ್ಪು ಅಂತ ನನ್ನ ಕೈ ಬಲ್ಲದು.
ಇಪ್ಪತ್ತಾರು ವರ್ಷ, ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ
ಅಕ್ಕಿಗೆ ಉಪ್ಪುನೀರು ಉಣಿಸಿ, ಬೆಚ್ಚಗೆ ಆಡಿಸಿ
ಕಾದ ಮರಳಿಗೆ ಸುರಿದರೆ ಸಾಕು,
ಚಟಪಟ ಅರಳುತ್ತಿತ್ತು.
ಒಲೆಗೆ ಹೊಟ್ಟು ತಳ್ಳುವವನು ನಮ್ಮ ಭಾಯಿ, ಚಮನ್‌ಸಾಬ್.
ಹೊಟ್ಟು ಸಾಲದ ದಿನ ಹಳೆ ಟೈರು.
ದವಡೆಯಲ್ಲಿ ಸದಾ ಒಂದು ಉಂಡೆ ತಂಬಾಕು,
ಹೊಗೆಗೆ ಇದೇ ಮದ್ದು ಎನ್ನುತ್ತಿದ್ದ.

ಈಗ ಕರೆಂಟು ಕೊಡುತ್ತಿದ್ದಾರೆ. ಮೂವತ್ತಮೂರು ದಿನ.
ಮುಖಕ್ಕೆ ಜಾಲರಿ ಹೊದಿಸಿ, ಮೇಜಿಗೆ ಬಿಗಿದು
ಎಲ್ಲರೂ ಹೊರಗೆ ಹೋಗುತ್ತಾರೆ, ಅವನೊಬ್ಬನೇ ಒಳಗೆ.
ಬೆಂಕಿ ಕಾಣುವುದಿಲ್ಲ. ಹೊಗೆಯಿಲ್ಲ.
ಹನ್ನೆರಡನೆಯ ದಿನಕ್ಕೆ ನಾಲಗೆಯ ಅಂಚಿನಲ್ಲಿ
ಒಂದು ಬಿಳಿ ಅರಳು.
ಹದಿನೈದಕ್ಕೆ ಕೆನ್ನೆಯೊಳಗೆ ಒಂದು ಹಿಡಿ.
ಇಪ್ಪತ್ತಕ್ಕೆ ನಾನು ಲೆಕ್ಕ ಬಿಟ್ಟೆ.

ವಾರ್ಡಿನಲ್ಲಿ ‘ಭಾಯ್’ ಎಂದು ಕೂಗಿದರೆ
ಸಿಸ್ಟರ್ ಕೊಟ್ರಮ್ಮ ಟಾರ್ಚು ಹಿಡಿದು ಬರುತ್ತಾಳೆ:
“ಬಾಯಿಗೇನಾತು? ತಗಿ, ನೋಡಾಣ.”
ತಪ್ಪು ಅವಳದಲ್ಲ, ನನ್ನದೂ ಅಲ್ಲ.
ಅವನೀಗ ಪೂರ್ತಿ ಬಾಯಿಯೇ ಆಗಿದ್ದಾನೆ.
ಕಾಲಿಲ್ಲ, ಬೆನ್ನಿಲ್ಲ, ಕಟ್ಟಬೇಕಾದ ಬಾಡಿಗೆಯಿಲ್ಲ,
ಒಂದು ಬಾಯಿ,
ಅದರ ಸುತ್ತ ಹೇಗೋ ಒಬ್ಬ ಗಂಡಸು.

ಉಪ್ಪುನೀರು ಮುಕ್ಕಳಿಸಲಿ ಅಂದಿದ್ದರು.
ಉಪ್ಪುನೀರು ನನ್ನ ಕಸುಬು ತಾನೇ!
ಯಾರನ್ನೂ ಕೇಳದೆ, ಕೈಗೆ ಬಂದ ಹದದಲ್ಲಿ ಕಲಸಿ ಕೊಟ್ಟೆ.
ಗುಟುಕು ಒಳಹೋದದ್ದೇ ತಡ
ಲೋಟ ಹೋಗಿ ಗೋಡೆಗೆ ಬಿತ್ತು.
ಅಮ್ಮಿ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ.
ಕಣ್ಣೀರು ತುಟಿಗಿಳಿಯಿತು. ಅದೂ ಉಪ್ಪು.
ಅದಕ್ಕೂ ಬೆಚ್ಚಿದ.

ಕೊಟ್ರಮ್ಮ ಬೈಯಲಿಲ್ಲ.
ನನ್ನ ಕೈಗೊಂದು ಟೀ ಚಮಚ ಕೊಟ್ಟಳು.
“ಕಾಸಿ ಆರಿಸಿದ ನೀರು ಒಂದು ಲೀಟರು,
ಚಮಚ ಉಪ್ಪು, ಚಮಚ ಅಡಿಗೆ ಸೋಡಾ.
ಎರಡು ತಾಸಿಗೊಮ್ಮೆ. ನುಂಗಂಗಿಲ್ಲ.
ಸುಮ್ಮನೆ ಆಡಿಸಿ ಉಗುಳಬೇಕು.”
ಚಮಚದ ತಲೆಯನ್ನು ಬೆರಳಿಂದ ಸವರಿ ತೋರಿಸಿದಳು.
ಹಿಡಿಯಲ್ಲಿ ಅಳೆದವಳು ನಾನು,
ನಾಚಿಕೆಯಾಯಿತು.

ಆಮೇಲೆ ಕಲಿತೆ.
ಊಟಕ್ಕೆ ಮೊದಲು ನಾಲಗೆ ಮರಗಟ್ಟಿಸುವ ಮದ್ದು,
ಮಕ್ಕಳ ಬ್ರಷ್ಷು, ಅದನ್ನೂ ಬಿಸಿನೀರಲ್ಲಿ ಅದ್ದಿ ಮೆದು ಮಾಡಿ.
ರಾಗಿ ಅಂಬಲಿ ಬಟ್ಟೆಯಲ್ಲಿ ಸೋಸಿ, ತಣಿಸಿ.
ನಿಂಬೆಯ ಹೆಸರೆತ್ತುವಂತಿಲ್ಲ.
ಸಂಜೆ ಆರಕ್ಕೆ, ಕೆಳಗಿನ ರಸ್ತೆಯಿಂದ
ಮಿರ್ಚಿ ಕರಿಯುವ ಘಾಟು ಏರಿಬರುತ್ತದೆ,
ಈ ಊರಲ್ಲಿ ಅದನ್ನು ತಡೆಯುವವರು ಯಾರು?
ಎದ್ದು ಕಿಟಕಿ ಮುಚ್ಚಿದೆ.
ಭಾಯಿ ಸ್ಲೇಟಿನ ಮೇಲೆ ಬರೆದ:
‘ತೆರಿ. ಮೂಗಿಗೆ ಹುಣ್ಣಾಗಿಲ್ಲ.’

ಕೊನೆಯ ಕರೆಂಟು ಮುಗಿದು ನಾಲ್ಕು ವಾರ.
ಮನೆಯಲ್ಲಿ, ಉಪ್ಪು ಹಾಕದೆ ನಾನೇ ಹುರಿದ ಮಂಡಕ್ಕಿ
ಮೊಸರಲ್ಲಿ ಮುಳುಗಿಸಿಟ್ಟೆ.
ಅದು ಹತ್ತಿಯಾಗಿ, ಮಂಜಾಗಿ,
ಏನೂ ಅಲ್ಲವಾಗುವವರೆಗೆ ಕಾದು
ಚಮಚದ ತುದಿಯಲ್ಲಿ ಕೊಟ್ಟೆ.
ನಾಲಗೆ ಅದನ್ನು ಎಡದಿಂದ ಬಲಕ್ಕೆ ಹೊತ್ತು ನಡೆಯಿತು,
ಮಲಗಿದ ಕೂಸನ್ನು ಇನ್ನೊಂದು ಕೋಣೆಗೆ ಒಯ್ಯುವಂತೆ.
ಗಂಟಲ ಗಂಟು ಮೇಲೆದ್ದು ಇಳಿಯಿತು.
ಬಹಳ ಹೊತ್ತಾದ ಮೇಲೆ, ತುಕ್ಕು ಹಿಡಿದ ದನಿಯಲ್ಲಿ:
“ಉಪ್ಪಿಲ್ಲ.”

ಗೊತ್ತು ಭಾಯ್, ಗೊತ್ತು.
ಗಡಿಯಾರ ನೋಡಿದೆ, ಎರಡು ತಾಸಾಗಿತ್ತು.
ಮೊದಲು ಮುಕ್ಕಳಿಸು ಅಂದೆ.